ಹಳದಿ ಅಕ್ಕನಿಗೆ ಬಿಸಿಲು ತಾಗಿದ್ದು

ಅಂಟುವಾಳದ ನೊರೆಯ ವಾಸನೆ ಮೂಗಿಗೆ ಬಂದರೆ ನನಗೆ ಜಾಜ್ ಸಂಗೀತ ನೆನಪಾಗುತ್ತದೆ. ಸೀರೆ ವ್ಯಾಪಾರದವಳು ನಾನು. ರೇಷ್ಮೆಯನ್ನು ಅಂಟುವಾಳದಲ್ಲೇ ತೊಳೆಯಿರಿ, ನೆರಳಲ್ಲೇ ಆರಿಸಿರಿ ಎಂದು ಗಿರಾಕಿಗಳಿಗೆ ದಿನವೂ ಹೇಳುತ್ತೇನೆ. ಹೇಳುವಾಗಲೆಲ್ಲ ಸುಲ್ತಾನ್ ಬಜಾರಿನ ಗಲ್ಲಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಮಾಳಿಗೆ ಕಣ್ಣಮುಂದೆ ಬರುತ್ತದೆ. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಸ್ಕೂಟರುಗಳು ನಿಂತಿರುತ್ತವೆ.

ಭಾಲ್ಕಿ ಕಡೆಯಿಂದ ಆ ದೊಡ್ಡ ಶಹರಕ್ಕೆ ಬಂದವರು ನಾವು. ಎರಡು ಕೋಣೆಗಳಲ್ಲಿ ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಮ್ಮ, ನಮ್ಮ ಕಾಕಾ. ಅವನು ಕುಷಾಯಿಗೂಡದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮದುವೆಯಾಗಲಿಲ್ಲ, ಕುಡಿಯಲಿಲ್ಲ, ರೆಕಾರ್ಡು ಕೊಂಡ. ರವಿವಾರ ನನ್ನ ಕೈಹಿಡಿದು ಕೋಠಿಯ ಫುಟ್‌ಪಾತಿಗೆ ಹೋಗುತ್ತಿದ್ದ. ಅಲ್ಲಿ ಹಳೆ ಪುಸ್ತಕಗಳ ಗುಡ್ಡೆಯ ನಡುವೆ, ಊರು ಬಿಟ್ಟವರ ಮನೆಗಳಿಂದ ಬಂದ ಜಾಜ್ ರೆಕಾರ್ಡುಗಳು ಸಿಗುತ್ತಿದ್ದವು. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ. ತಟ್ಟೆಯನ್ನು ಬೆಳಕಿಗೆ ಓರೆ ಮಾಡಿ, ಗೀರುಗಳನ್ನು ನೋಡಿಯೇ ಆರಿಸುತ್ತಿದ್ದ. ನನ್ನನ್ನು ಅವನು ತಂಗಿ ಎಂದೇ ಕರೆಯುವುದು. "ತಂಗಿ, ಬೇಕಾದ್ದರ ಕಡೆ ಮೊದಲ ನೋಡಬಾರದು. ಬ್ಯಾಡಾದ್ದು ಎತ್ತಿ ರೇಟ್ ಕೇಳು. ನಿನ್ನ ಕಣ್ಣು ಹೊಳೀತಂದ್ರ ಮುಗೀತು." ನನ್ನ ಅಂಗಡಿ ನಿಂತಿರುವುದು ಈ ಮಾತಿನ ಮೇಲೆ. ನೀವೂ ಇಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಒಂದು ರೆಕಾರ್ಡಿನ ಹೊದಿಕೆಯ ಮೇಲೆ ಹಳದಿ ಗೌನು ತೊಟ್ಟ, ಕಣ್ಣು ಮುಚ್ಚಿದ ಗಾಯಕಿಯ ಚಿತ್ರವಿತ್ತು. ಅವ್ವ ಅವಳನ್ನು ಹಳದಿ ಅಕ್ಕ ಎನ್ನುತ್ತಿದ್ದಳು. ಕಾಕಾ ಸಂಜೆ ಪಾಳಿ ಮುಗಿಸಿ ಬಂದು ಅದನ್ನು ಹಚ್ಚಿದರೆ ಅವ್ವನ ರೊಟ್ಟಿ ಬಡಿಯುವ ಕೈ ನಿಧಾನವಾಗುತ್ತಿತ್ತು. ಒಂದು ಪದವೂ ತಿಳಿಯದೆ, ಈಕೆಗೆ ಏನೋ ಭಾಳ ನೋವಾಗಿದೆ ಎಂದು ಅವಳೇ ತೀರ್ಮಾನಿಸಿದ್ದಳು.

ಯುಗಾದಿಗೆ ನಮ್ಮ ಮನೆಯಲ್ಲಿ ತೊಳೆಯದೆ ಬಿಡುವ ಸಾಮಾನು ಒಂದೂ ಇರಲಿಲ್ಲ. ಒಂದು ವರ್ಷ ಅವ್ವ ಡಬ್ಬಿ, ಬುಟ್ಟಿ, ದೇವರ ಮಣೆ ಎಲ್ಲ ಮುಗಿಸಿ ರೆಕಾರ್ಡುಗಳ ಮುಂದೆ ನಿಂತಳು. "ಮನೀ ಮಂದಿಯೆಲ್ಲ ಎಣ್ಣಿ ಹಚ್ಕೊಂಡು ಎರಕೊಳ್ಳಾಕತ್ತೇವಿ, ಆಕಿ ಒಬ್ಬಾಕಿನೇ ಧೂಳಾಗ ಕೂಡಬೇಕೇನು?" ತನ್ನ ಮದುವೆಯ ಸೀರೆಗೆ ತೋರುವಷ್ಟೇ ಮರ್ಯಾದೆಯಿಂದ ಒಂದೊಂದನ್ನೂ ಅಂಟುವಾಳದ ನೀರಿನಲ್ಲಿ ತೊಳೆದಳು. ಮಾಳಿಗೆಯ ಮೇಲೆ, ಸಂಡಿಗೆಯ ಪಕ್ಕದಲ್ಲಿ, ಹಳೆ ಧೋತರ ಹಾಸಿ ಆರಲಿಟ್ಟಳು. ಇಡುವುದಕ್ಕೆ ನಾನೂ ಕೈಹಾಕಿದೆ. ರೆಕಾರ್ಡಿಗೆ ಬಿಸಿಲು ಆಗದು ಎಂದು ಕಾಕಾ ನನಗೆ ಎಷ್ಟೋ ಸಲ ಹೇಳಿದ್ದ. ಆದರೆ ಸಾಲಾಗಿ ಹೊಳೆಯುವ ಕಪ್ಪು ತಟ್ಟೆಗಳು ಎಷ್ಟು ಚೆಂದ ಕಂಡವೆಂದರೆ, ನಾನು ಬಾಯಿ ತೆರೆಯಲಿಲ್ಲ.

ಕಾಕಾ ಬಂದಾಗ ಅವೆಲ್ಲ ಹಂಚಿನ ಮೇಲಿನ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಹಳದಿ ಅಕ್ಕನದು ಮಾತ್ರ ಹೇಗೋ ತಿರುಗಿತು. ಪ್ಲೇಯರಿನ ಮುಳ್ಳು ದೋಣಿಯಂತೆ ಏರಿ ಇಳಿಯಿತು, ದನಿ ಹೊಯ್ದಾಡಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಳು. ಕಾಕಾ ಪೂರ್ತಿ ಕೇಳಿ, ಅತ್ತಿಗೆಯತ್ತ ತಿರುಗಿ, "ವೈನಿ, ಇಷ್ಟು ದಿನ ನಿಂತು ಹಾಡ್ತಿದ್ಳು. ಈಗ ಕುಣಕೋತ ಹಾಡಾಕತ್ತಾಳ್ರಿ," ಎಂದ. ಮುಂದೆ ಅವನು ಆ ಮಾತು ಎತ್ತಲಿಲ್ಲ. ಅವ್ವ ಮಾತ್ರ ತನ್ನ ದಡ್ಡತನವೆಂದು ಬಂದವರೆದುರು ಹೇಳಿಕೊಳ್ಳುತ್ತಲೇ ಇದ್ದಳು. ಆಗೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನಾನು ಸ್ವಂತ ಅಂಗಡಿ ಹಾಕಿದ ಮೇಲೆ ಆ ರೆಕಾರ್ಡಿನ ಸರಿಯಾದ ಪ್ರತಿಗಾಗಿ ಹುಡುಕಿದೆ. ಹುಡುಕುತ್ತ ನನಗೂ ಹುಚ್ಚು ಹಿಡಿದು ಗೋಡೆ ತುಂಬ ಜಾಜ್ ಸೇರಿತು, ಅದೊಂದು ಸಿಗಲಿಲ್ಲ. ಕಾಕಾ ತೀರಿಕೊಂಡ ಎಷ್ಟೋ ವರ್ಷಗಳ ನಂತರ, ಕೋಠಿಯಲ್ಲೇ, ಗುಡ್ಡೆಯೊಂದರ ಅಡಿಯಿಂದ ಹಳದಿ ಗೌನು ಇಣುಕಿತು. ನಾನು ನೇರ ಅದನ್ನೇ ಎಳೆದೆ, ಕೇಳಿದಷ್ಟು ಕೊಟ್ಟೆ. ನನ್ನ ಚೌಕಾಸಿಗೆ ಅಂಜುತ್ತಿದ್ದ ಮುದುಕ ವ್ಯಾಪಾರಿ, "ಕ್ಯಾ ಆಪಾ, ತಬಿಯತ್ ಠೀಕ್ ಹೈ ನಾ?" ಎಂದು ನನ್ನ ಆರೋಗ್ಯ ವಿಚಾರಿಸಿದ.

ಮನೆಗೆ ತಂದು ಅವ್ವನೆದುರು ಹಚ್ಚಿದೆ. ಹಾಡು ಒಂದಿಷ್ಟೂ ಅಲುಗದೆ ಹರಿಯಿತು. ಅದು ಮುಗಿದ ಮೇಲೆ, ಅವತ್ತು ನನಗೆ ಗೊತ್ತಿತ್ತವ್ವಾ ಎಂದೆ.

"ನಿಮ್ಮ ಕಾಕಾ ಅವತ್ತೇ ಹೇಳಿದ್ದ," ಎಂದಳು. "ತಂಗಿಗೆ ಗೊತ್ತೈತಿ ವೈನಿ, ಆಕಿನ್ನ ಕೇಳಬ್ಯಾಡ್ರಿ ಅಂದಿದ್ದ." ಆಮೇಲೆ, "ಆ ಸೊಟ್ಟಂದು ಐತೇನು? ಅದನ್ನ ಹಚ್ಚು," ಎಂದಳು.

ಈಗ ಅವ್ವನೂ ಇಲ್ಲ. ರೆಕಾರ್ಡು ಕೂಡಿಸುವವರಿಗೆ ನಾನು ಹೇಳುವುದಿಷ್ಟೆ: ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ, ಬಿಸಿಲು ತೋರಿಸಬೇಡಿ. ನನ್ನ ಕಪಾಟಿನಲ್ಲಿ ಹಳದಿ ಅಕ್ಕ ಇಬ್ಬರಿದ್ದಾರೆ. ನೆಟ್ಟಗಿರುವವಳನ್ನು ಬಂದವರಿಗೆ ಕೇಳಿಸುತ್ತೇನೆ. ಯುಗಾದಿಯ ದಿನ ಮನೆ ತೊಳೆದು, ಎರೆದುಕೊಂಡು ಕೂತ ಮೇಲೆ, ಇನ್ನೊಬ್ಬಳನ್ನು ಹಚ್ಚುತ್ತೇನೆ.