ದೇವರ ಗೂಡಿನಲ್ಲಿ ನನ್ನ ಏಳು ಚಕ್ರದ ಕಲ್ಲು

"ಅಮ್ಮಾ, ಇಲ್ ನೋಡು" ಅಂತ ನನ್ನ ನಾಲ್ಕು ವರ್ಷದ ಮಗಳು ನಾಲಿಗೆ ಚಾಚಿದಳು. ನಾಲಿಗೆ ನೀಲಿ!

ನೇರಳೆ ಹಣ್ಣು ತಿಂದಿರಬೇಕು ಅಂದುಕೊಂಡು ನಕ್ಕುಬಿಟ್ಟೆ. ಆಮೇಲೆ ಹೊಳೆಯಿತು... ನೇರಳೆ ಹಣ್ಣು ಇನ್ನೂ ಬಂದೇ ಇಲ್ಲವಲ್ಲ.

ಮೊನ್ನೆ ಭಾನುವಾರದ ಮಾತು ಇದು. ನಾನೂ ನಮ್ಮ ಯಜಮಾನರೂ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ಕೆಲಸಕ್ಕಿದ್ದೇವೆ. ಮಗಳು ಅಮರಾಪುರದ ಹತ್ತಿರ ನಮ್ಮ ಊರಲ್ಲಿ, ಅತ್ತೆಯ ಜೊತೆ. ರಜೆ ಹಾಕಿ ಒಬ್ಬಳೇ ಊರಿಗೆ ಬಂದಿದ್ದೆ, ಚಪ್ಪಲಿ ಬಿಟ್ಟು ಮಗಳನ್ನು ಎತ್ತಿಕೊಂಡಿದ್ದೆ ಅಷ್ಟೆ.

ಏನು ತಿಂದೆ ಕಂದಾ ಅಂದರೆ, "ತಿಂದಿಲ್ಲ, ತೀರ್ಥ ಕುಡುದೆ" ಅಂದಳು.

ತೀರ್ಥ ನೀಲಿ ಇರುತ್ತದೆಯೇ? ಒಳಗೆ ಓಡಿದೆ.

ದೇವರ ಗೂಡಿನಲ್ಲಿ ನಮ್ಮ ಮನೆದೇವರು ಹೇಮಾವತಿ ಸಿದ್ದಪ್ಪನ ಫೋಟೋ ಪಕ್ಕ ಒಂದು ಹಿತ್ತಾಳೆ ತಟ್ಟೆ. ಅದರೊಳಗೆ ವಿಭೂತಿ ಹಚ್ಚಿಸಿಕೊಂಡು, ಹೂ ಮುಡಿದುಕೊಂಡು, ನೀರಲ್ಲಿ ಸಾಲಾಗಿ ಕೂತಿವೆ... ನನ್ನ ಏಳು ಚಕ್ರದ ಕಲ್ಲುಗಳು!

ತಟ್ಟೆ ಎತ್ತಿ ನೋಡಿದೆ, ನೀರು ನೀಲಿ.

ಆ ಕಲ್ಲುಗಳು ನನ್ನ ಹತ್ತಿರ ಹೇಗೆ ಬಂದವು ಅಂತ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ದಿನವಿಡೀ ಮೆಷಿನ್ ಸದ್ದು ಕೇಳಿ ಕೇಳಿ ರೂಮಿಗೆ ಬಂದರೆ ಯಜಮಾನರು ಲೋಟ ಇಟ್ಟ ಸದ್ದಿಗೂ ಉರಿದುಬೀಳುತ್ತಿದ್ದೆ.

ಪಕ್ಕದ ಟೇಬಲ್ಲಿನ ಶಾಂತಕ್ಕ ರಾಯದುರ್ಗದವರೇ. "ಯಾಕ ಇಷ್ಟು ಸಿಟ್ಟು ಮಾಡ್ಕೋತೀರಿ? ಕೈಯಾಗ ಏನರ ಹಿಡ್ಕೊಂಡು ಹತ್ತು ನಿಮಿಷ ಸುಮ್ನ ಕುಂದರ್ರಿ, ಮನಸ್ಸು ನಿಲ್ಲತೈತಿ" ಅಂತ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು.

ಆ ವಿಡಿಯೋ ನೋಡಿ ಆರ್ಡರ್ ಮಾಡಲು ಕೂತೆ. ಧ್ಯಾನಕ್ಕೆ ಬಾರಿಸುವ ಬಟ್ಟಲು ಬೇಡ, ಅದರ ಸದ್ದಿಗೆ ಓನರಮ್ಮ ಮನೆ ಖಾಲಿ ಮಾಡಿಸುತ್ತಾರೆ. ಏಳು ಬಣ್ಣದ ಚಾಪೆ ಬೇಡ, ಹಾಸಲು ನಮ್ಮ ರೂಮಿನಲ್ಲಿ ಜಾಗ ಎಲ್ಲಿದೆ? ಕೊನೆಗೆ ಮೈಯಲ್ಲಿರುವ ಏಳು ಚಕ್ರಕ್ಕೆ ಒಂದೊಂದು ಬಣ್ಣದಂತೆ, ಮುಷ್ಟಿಯಲ್ಲಿ ಹಿಡಿಸುವ ಈ ಕಲ್ಲುಗಳೇ ಸರಿ ಅನಿಸಿತು.

ಗಂಟಲ ಚಕ್ರಕ್ಕೆ ನೀಲಿ ಕಲ್ಲು ಅಂತ ಇತ್ತು. ನನ್ನ ಸಿಟ್ಟೆಲ್ಲ ಇರುವುದೇ ಗಂಟಲಲ್ಲಿ, ಹಾಗಾಗಿ ಅದನ್ನೇ ಹಿಡಿದು ಕಣ್ಣು ಮುಚ್ಚಿ ಉಸಿರು ಗಮನಿಸುತ್ತಿದ್ದೆ. ಪವಾಡ ಏನೂ ಆಗಲಿಲ್ಲ, ಆದರೆ ಕೂಗಾಟ ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಯುಗಾದಿಗೆ ಊರಿಗೆ ಬಂದಾಗಲೂ ಬೆಳಿಗ್ಗೆ ಹಾಗೇ ಕೂತಿದ್ದೆ. ಅತ್ತೆ ನೋಡಿದ್ದರು, ಏನೂ ಕೇಳಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಕಲ್ಲಿನ ಪೆಟ್ಟಿಗೆ ಅಲ್ಲೇ ಬಿಟ್ಟೆ. ಪಾಪು ಬಾಯಿಗೆ ಹಾಕಿಕೊಂಡಾಳು, ಅವಳ ಕೈಗೆ ಸಿಗದ ಕಡೆ ಇಡಿ ಅಂತ ಫೋನಿನಲ್ಲಿ ಹೇಳಿದ್ದೂ ನಾನೇ.

ನಮ್ಮ ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಜಾಗ ದೇವರ ಗೂಡು ಒಂದೇ. ಅಲ್ಲಿ ಕೂತವರಿಗೆ ದಿನಾ ಅಭಿಷೇಕ ಆಗಲೇಬೇಕು. ಅಭಿಷೇಕದ ನೀರನ್ನು ಯಾರಾದರೂ ಚೆಲ್ಲುತ್ತಾರೆಯೇ?

ಯೂನಿಟ್‌ನಲ್ಲಿ ಪ್ಯಾಂಟಿನ ಬಣ್ಣ ಬಿಡುತ್ತದೋ ಇಲ್ಲವೋ ಅಂತ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡುವುದು ನನ್ನ ಕೆಲಸ. ನೀಲಿ ಕಲ್ಲನ್ನು ತೆಗೆದು ಟವೆಲ್ ಅಂಚಿಗೆ ಉಜ್ಜಿದೆ. ಪಟ್ಟೆ ಹೊಡೆದ ಹಾಗೆ ನೀಲಿ. ಹಸಿರು ಕಲ್ಲು ಉಜ್ಜಿದೆ, ಅದೂ ಬಿಟ್ಟಿತು. ಎಲ್ಲಾ ಬಣ್ಣ ಹಾಕಿದ ಕಲ್ಲು!

ಇಷ್ಟು ದಿನ ನನ್ನ ಕೈಗೆ ಅಂಟಿದ್ದು ಯಾಕೆ ಕಾಣಲಿಲ್ಲ? ಅಂಗೈ ನೋಡಿಕೊಂಡೆ. ಜೀನ್ಸ್ ಮುಟ್ಟಿ ಮುಟ್ಟಿ ನನ್ನ ಅಂಗೈ ಯಾವಾಗಲೂ ನೀಲಿಯೇ ಇರುತ್ತದೆ.

ಅಯ್ಯೋ ದೇವರೇ... ಒಂದು ತಿಂಗಳಿಂದ ನನ್ನ ಮಗು ಈ ಬಣ್ಣ ಕುಡಿಯುತ್ತಿದೆ.

ಅತ್ತೆಯ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವರು ಸೆರಗು ಹಿಡಿದು ನಿಂತಿದ್ದರು. "ನೀನ್ ಇಲ್ದಾಗ ನಿನ್ ದೇವ್ರಿಗೆ ಪೂಜೆ ತಪ್ಪಬಾರ್ದು ಅಂತ ಮಾಡ್ದೆ ಕಣಮ್ಮ" ಅಂದರು, ಅಷ್ಟೇ.

ಆಟೋ ಹಿಡಿದು ಮಡಕಶಿರದ ಕ್ಲಿನಿಕ್‌ಗೆ ಓಡಿದೆವು. ದಾರಿಯುದ್ದಕ್ಕೂ ಮಗಳ ಉಗುರು, ಕಣ್ಣು, ತುಟಿ ನೋಡುತ್ತಲೇ ಇದ್ದೆ. ಅವಳು ಮಾತ್ರ ಆಟೋ ಸಿಕ್ಕಿದ ಖುಷಿಯಲ್ಲಿ ಕುರಿ ಎಣಿಸುತ್ತಿದ್ದಳು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆಗೆ ಬರೆದರು, ಆ ನೀರು ಇನ್ನು ಒಂದು ಹನಿಯೂ ಬೇಡ ಅಂದರು. ನನ್ನ ಮುಖ ನೋಡಿ ತೆಲುಗಿನಲ್ಲಿ "ಏಂ ಭಯಪಡೊದ್ದಮ್ಮಾ" ಅಂದರು. ಭಯಪಡಬೇಡ ಅಂದರೆ ಭಯ ಹೋಗುತ್ತದೆಯೇ?

ಇವತ್ತು ರಿಪೋರ್ಟ್ ಬಂತು. ಏನೂ ತೊಂದರೆ ಇಲ್ಲ. ಕ್ಲಿನಿಕ್ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ಮನೆಗೆ ಬಂದವಳೇ ಕಲ್ಲುಗಳನ್ನೆಲ್ಲ ಕವರಿಗೆ ಸುರಿದು ಗಂಟು ಹಾಕಿದೆ. ಮಗಳು ಓಡಿಬಂದು ಕವರ್ ಹಿಡಿದು ಎಳೆಯತೊಡಗಿದಳು, ಬಿಡಲೊಲ್ಲಳು. ಆಗ ಅತ್ತೆ ಬಾಯಿಬಿಟ್ಟರು.

"ನೀನ್ ಹೋದಾಗಿಂದ ಒಂದೇ ಅಳು ಕಣಮ್ಮ. ಊಟ ಬ್ಯಾಡ, ನಿದ್ದೆ ಬ್ಯಾಡ. ಇದು ನಿಮ್ಮಮ್ಮನ ತೀರ್ಥ, ಕುಡುದ್ರೆ ಅಮ್ಮ ನಿನ್ನ ಹೊಟ್ಟೆ ಒಳ್ಗೇ ಇರ್ತಾಳೆ ಅಂದೆ. ಅವತ್ತಿಂದ ಅತ್ತಿಲ್ಲ ನೋಡು."

ಫೋನ್ ಮಾಡಿದಾಗ ಮಗಳು ಅಳದೆ ಮಾತಾಡುತ್ತಾಳೆ, ಬುದ್ಧಿ ಬಂದಿದೆ ಅಂತ ಶಾಂತಕ್ಕನ ಹತ್ತಿರ ಎಷ್ಟು ಜಂಬ ಕೊಚ್ಚಿಕೊಂಡಿದ್ದೆನೋ.

ನಾಳೆ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ ಹಿಡಿಯಬೇಕು, ಅಲ್ಲಿಂದ ರಾಯದುರ್ಗ. ಮಗಳು ನನ್ನ ತೊಡೆ ಮೇಲೆ ಕೂತು ಗಲ್ಲ ಹಿಡಿದು ಕೇಳುತ್ತಿದ್ದಾಳೆ: "ನೀನ್ ಬಸ್ ಹತ್ತಿದ್ಮೇಲೆ ನಾನೇನ್ ಕುಡೀಲಮ್ಮ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?