ಕನ್ನಡಕ ರಿಪೇರಿಯ ಕೈಗಳು

ನನ್ನ ಅತ್ತಿಗೆ ನಮ್ಮ ಪಂಪಿನ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಾರೆ. ಹಾಜರಿ, ರಜೆ, ಜಗಳ ಬಿಡಿಸುವುದು ಎಲ್ಲ ಅವರದೇ. ನಾನು ಅಲ್ಲೇ ಪ್ಯಾಕಿಂಗ್ ಮೇಜಿನಲ್ಲಿದ್ದೆ. ನಾದಿನಿ ಅಂತ ಒಂದು ದಿನವೂ ಕನಿಕರ ತೋರಿಸಿದವರಲ್ಲ. ಐದು ನಿಮಿಷ ತಡವಾದರೆ ನನ್ನ ಹೆಸರಿಗೂ ಕೆಂಪು ಗೆರೆಯೇ. ಮನೆಗೆ ಬಂದು ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ, ಅವರು ಏನೂ ಆಗದವರಂತೆ ಕಾಫಿ ಕೊಡುತ್ತಿದ್ದರು.

ಹೋದ ವರ್ಷ ಕಾರ್ಖಾನೆಯ ಯಜಮಾನರು ದೊಡ್ಡ ನೀರಿನ ಪಂಪು ನಿಲ್ಲಿಸಿ, ಆಸ್ಪತ್ರೆಗಳಿಗೆ ಬೇಕಾಗುವ ಅಂಗೈಯಷ್ಟು ಚಿಕ್ಕ ಪಂಪು ಮಾಡುವುದೆಂದು ತೀರ್ಮಾನಿಸಿದರು. ಯಾವ ಯಂತ್ರ, ಯಾವ ಗಿರಾಕಿ, ಎಲ್ಲ ನಿಗದಿಯಾಗಿತ್ತು. ಜನರ ವಿಷಯಕ್ಕೆ ಒಂದೇ ಸಾಲು: ಪ್ಯಾಕಿಂಗಿನ ಹದಿನಾಲ್ಕು ಹೆಂಗಸರನ್ನು ತೆಗೆದು, ಜೋಡಣೆಗೆ ಹೊರಗಿನಿಂದ ಹೊಸಬರನ್ನು ತರುವುದು. ಆ ಹದಿನಾಲ್ಕರಲ್ಲಿ ನಾನೂ ಒಬ್ಬಳು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು.

ನಮ್ಮನ್ನು ತೆಗೆಯುವ ಕಾಗದ ಟೈಪಾಗಲು ಅತ್ತಿಗೆಯ ಮೇಜಿಗೇ ಬಂತು. ಅವರು ಟೈಪು ಮಾಡಲಿಲ್ಲ. "ನಡಿ ನನ್ ಜೊತೆ" ಅಂದು ನನ್ನನ್ನೂ ಎಳೆದುಕೊಂಡು, ಯಾರೂ ಕರೆಯದ ಸಭೆಗೆ ನುಗ್ಗಿದರು. ನೇರ ಯಜಮಾನರ ಎದುರು ನಿಂತು ಹೇಳಿದರು:

"ಯಂತ್ರ ಮೂರು ತಿಂಗಳಿಗೆ ಬರುತ್ತೆ ಸರ್. ಹೊಸಬರ ಕೈ ಪಳಗೋಕೆ ಒಂದು ವರ್ಷ ಬೇಕು. ಅಲ್ಲೀವರೆಗೂ ಗಿರಾಕಿ ಕಾಯ್ತಾನಾ? ನಮ್ಮ ಪ್ಯಾಕಿಂಗಿನವರಿಗೇ ಜೋಡಣೆ ಕಲಿಸೋಣ."

"ಡಬ್ಬ ಪ್ಯಾಕ್ ಮಾಡೋರಿಗೆ ಇಷ್ಟು ಸೂಕ್ಷ್ಮ ಕೆಲಸ ಬರುತ್ತೇನಮ್ಮಾ?" ಎಂದು ಯಜಮಾನರು ನಕ್ಕರು.

"ನಿಮ್ಮ ಕನ್ನಡಕದ ಸ್ಕ್ರೂ ಬಿದ್ದೋದಾಗ ಅಂಗಡಿಗೆ ಕೊಟ್ಟು ಬಾ ಅಂದ್ರಲ್ಲ ಸರ್, ಅದು ಅಂಗಡಿಗೆ ಹೋಗಲೇ ಇಲ್ಲ. ಹಾಕಿದ್ದು ಇವಳು."

ಯಜಮಾನರ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಇಡೀ ಕಾರ್ಖಾನೆಯ ಕನ್ನಡಕಗಳು ಊಟದ ಬಿಡುವಿನಲ್ಲಿ ನಮ್ಮ ಮೇಜಿನಲ್ಲೇ ರಿಪೇರಿ ಆಗುತ್ತಿದ್ದವು. ನಮಗದು ಹರಟೆಯ ಜೊತೆಗಿನ ಕೆಲಸ. ಯಾರ ಕೈ ನಡುಗುವುದಿಲ್ಲ, ಯಾರ ಕಣ್ಣು ಚುರುಕು ಎಂದು ಅತ್ತಿಗೆ ವರ್ಷಗಳಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನನಗೂ ಹೇಳಿರಲಿಲ್ಲ, ಗಟ್ಟಿಗಿತ್ತಿ.

ಯಂತ್ರ ಬರುವುದರೊಳಗೆ ಕಲಿತರೆ ಉಳಿದಿರಿ, ಇಲ್ಲವಾದರೆ ಇಲ್ಲ ಎಂದರು ಯಜಮಾನರು. ಹನ್ನೊಂದು ಮಂದಿ ಕಲಿತೆವು. ಕಣ್ಣು ಸಾಲದ ಮೂವರಿಗೆ ಅತ್ತಿಗೆ ಉಗ್ರಾಣದಲ್ಲಿ ಜಾಗ ಹುಡುಕಿಕೊಟ್ಟರು. ಮೊದಲ ಸರಕು ಹೇಳಿದ ದಿನಕ್ಕೇ ಹೋಯಿತು. ಒಂದು ಪಂಪೂ ವಾಪಸ್ಸು ಬರಲಿಲ್ಲ.

ಈಗ ಯಾವ ಹೊಸ ಯೋಜನೆಯಿದ್ದರೂ ಯಜಮಾನರದು ಒಂದೇ ಮಾತು: "ಮೊದಲು ಆಯಮ್ಮ ಬರಲಿ. ಮಾಡೋ ಕೈ ಇದೆಯಾ ಕೇಳೋಣ, ಆಮೇಲೆ ಯಂತ್ರ." ಅಂಥ ಅತ್ತಿಗೆ ನಮ್ಮ ಮನೆಯವರು ಅನ್ನಲು ನನಗೆ ಹೆಮ್ಮೆ, ಮುಚ್ಚಿಡುವುದೇನು?

ನಿನ್ನೆ ಮತ್ತೆ ಐದು ನಿಮಿಷ ತಡವಾಗಿ ಹೋದೆ. ಅತ್ತಿಗೆ ತಲೆಯೆತ್ತದೆ ಕೆಂಪು ಗೆರೆ ಎಳೆದರು. ಗೆರೆಯ ಪಕ್ಕದಲ್ಲಿ, ನನ್ನ ಹೆಸರಿನ ಮುಂದೆ, ಅವರದೇ ಅಕ್ಷರದಲ್ಲಿ ಹೊಸದಾಗಿ ಬರೆದಿತ್ತು: ಜೋಡಣೆ ವಿಭಾಗದ ಮೇಲ್ವಿಚಾರಕಿ.