ಸಾಣೆಚಕ್ರದ ಬೆಲ್ಟು, ಉಳವಪ್ಪನ ಕತ್ತಿ

ಹರಿತದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಎದೆ ಸೆಟೆಸಿಕೊಂಡು ತಿರುಗುತ್ತಿದ್ದವನು ನಾನು. ದಾಂಡೇಲಿಯಲ್ಲಿ ಮರ ಕೊಯ್ಯುವ ಒಂದು ಮಿಲ್ಲಿನಲ್ಲಿ ಗರಗಸ ಮಸೆಯುವುದು ನನ್ನ ಕೆಲಸ. ಸಾಗವಾನಿ ದಿಮ್ಮಿ ಸರಾಗವಾಗಿ ಸೀಳಿತೆಂದರೆ ಅದು ಪರಸಪ್ಪನ ಕೈ ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಹೇಳದಿದ್ದರೆ ನಾನೇ ಹೇಳುತ್ತಿದ್ದೆ. ಆ ಸೊಕ್ಕು ಇಳಿಸಿದವನು ತೇರಗಾಂವದ ಹಡಪದರ ಉಳವಪ್ಪ. ಅವನ ಕಥೆ ಹೇಳಬೇಕಾದರೆ ನನ್ನ ಮೂರ್ಖತನವನ್ನೂ ಹೇಳಬೇಕಾಗುತ್ತದೆ, ಏನು ಮಾಡುವುದು!

ಕೂಲಿಕಾರರ ಸಾಲುಮನೆಗಳ ಲೈನಿನ ಬಾಯಿಗೆ ಒಂದು ನೇರಳೆ ಮರ. ಅದರ ಬುಡವೇ ಉಳವಪ್ಪನ ಅಂಗಡಿ. ಅಪ್ಪನಿಂದ ಬಂದ ಒಂದೇ ಒಂದು ಕ್ಷೌರದ ಕತ್ತಿ, ಮಸೆದು ಮಸೆದು ಅರ್ಧ ಬೆರಳಗಲ ಉಳಿದದ್ದು. ಪ್ರತಿ ಗಡ್ಡಕ್ಕೂ ಮುಂಚೆ ಮರಕ್ಕೆ ಕಟ್ಟಿದ ಚರ್ಮದ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಅದರ ಮೇಲೆ ಕತ್ತಿ ಎಳೆಯುತ್ತಿದ್ದ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ತುದಿ ಬಂದಾಗ ಕತ್ತಿಯನ್ನು ಎತ್ತದೆ, ಬೆನ್ನ ಮೇಲೆಯೇ ಹೊರಳಿಸಿ ವಾಪಸು. ಹೀಗೆ ಮೂವತ್ತು. ಆಮೇಲೆ ಬರಿ ಅಂಗೈ ಮೇಲೆ ಹತ್ತು. ಎದುರಿಗೆ ಕೂತವನ ಸೋಪು ಒಣಗಿ ಹೋದರೂ ನಲವತ್ತು ಮುಗಿಯದೆ ಅವನು ಗಲ್ಲ ಮುಟ್ಟುತ್ತಿರಲಿಲ್ಲ. ನನಗೋ ಮೈಯೆಲ್ಲ ಉರಿ.

“ಕಾಕಾ, ನನ್ನ ಪಾಳಿ ಹೊತ್ತಾತು. ಇಪ್ಪತ್ತ ಸಾಕು ಬಿಡು!”

“ಹಂಗಾರ ಅರ್ಧಾ ಗಡ್ಡ ಸಾಕೇನು ತಮ್ಮಾ?”

ನೇರಳೆ ಮರಕ್ಕೆ ಇದ್ದದ್ದು ಒಂದೇ ದೋಷ: ಮಳೆ ತಡೆಯುತ್ತಿರಲಿಲ್ಲ. ಜೂನ್ ಬಂತೆಂದರೆ ಉಳವಪ್ಪ ಗಂಟು ಕಟ್ಟಿಕೊಂಡು ಹೆಂಡತಿ ದುರ್ಗವ್ವನ ಜೊತೆ ತೇರಗಾಂವಕ್ಕೆ ಹೋಗಿ ಕಂಡವರ ಗದ್ದೆಯಲ್ಲಿ ನಾಟಿಗೆ ನಿಲ್ಲಬೇಕು. ನಾಲ್ಕು ತಿಂಗಳು ಕೆಸರಲ್ಲಿ ದುಡಿದ ಬೆರಳು ದಸರೆಗೆ ಕತ್ತಿ ಹಿಡಿದರೆ ಮಾತು ಕೇಳುತ್ತಿರಲಿಲ್ಲ. ಅರವತ್ತೆರಡನೆಯ ಇಸವಿಯಲ್ಲಿ, ಮಳೆಗೆ ಇನ್ನೂ ತಿಂಗಳಿರುವಾಗ, ಲೈನಿನವರು ಸೇರಿ ಅಂಗಡಿಗೆಂದು ಮೂರು ಕೋಣೆ, ನಮ್ಮ ಮಾತಿನಲ್ಲಿ ಖೋಲಿ, ಕಟ್ಟಿಸಿದರು. ಅದರಲ್ಲಿ ಒಂದು ಕ್ಷೌರದವನಿಗೆ. “ಈ ಖೋಲಿ ಸಿಕ್ರ ನಾ ಇನ್ನ ಕೆಸರ ತುಳಿಯಾಂಗಿಲ್ಲ” ಎಂದು ಉಳವಪ್ಪ ಹೇಳಿದ.

ಆದರೆ ಹುಬ್ಬಳ್ಳಿಯ ಒಬ್ಬ ಕ್ಷೌರದವನು ತಿರುಗುವ ಕುರ್ಚಿ, ಆಳೆತ್ತರದ ಕನ್ನಡಿ ತಂದು ಅದೇ ಖೋಲಿ ಕೇಳಿದ. ತೀರ್ಮಾನ ಲೈನಿನ ಹಿರಿಯ ಬಸಲಿಂಗಯ್ಯನವರದು. ಅವರು ಗಡ್ಡ ಕೆರೆದುಕೊಂಡು ಹೇಳಿದರು: “ಮಂಗಳವಾರ ಮುಂಜಾನೆ ಬರ್ರಿ. ಒಬ್ಬೊಬ್ರಿಗೆ ಒಂದೊಂದು ಗಲ್ಲ.”

ಶನಿವಾರ ನಮ್ಮ ಮಿಲ್ಲಿನಲ್ಲಿ ಸಾಣೆಚಕ್ರ ತಿರುಗಿಸುವ ಹಳೆಯ ಚರ್ಮದ ಬೆಲ್ಟು ಬಿಚ್ಚಿ ಬಿಸಾಡಿದ್ದರು. ಅಂಗೈ ಅಗಲ, ಒಳ್ಳೆ ಗಟ್ಟಿ ಮಾಲು. ಉಳವಪ್ಪನ ಪಟ್ಟಿಯೋ ಸವೆದು ಬಾಳೆಸಿಪ್ಪೆಯಾಗಿತ್ತು. ಎರಡು ಮೊಳ ಕೊಯ್ದು, ಒರೆಸಿ, ಎಣ್ಣೆ ಹಚ್ಚಿ ತಂದೆ. ಅವನು ನೀರಿಗೆ ಹೋಗಿದ್ದ. ಬರುವುದರೊಳಗೆ ಕತ್ತಿ ಮಸೆದಿಟ್ಟು ಬೆರಗಾಗಿಸೋಣ ಎಂದು ಬೆಲ್ಟನ್ನು ಮರಕ್ಕೆ ಕಟ್ಟಿ ಎಳೆದೆ. ಮೂವತ್ತಲ್ಲ, ಅರವತ್ತು!

ಉಳವಪ್ಪ ದೂರದಿಂದಲೇ ಕೊಡ ಇಳಿಸಿ ಓಡಿ ಬಂದ.

“ತಮ್ಮಾ, ಕೈ ತಗಿ! ಅದು ಚರ್ಮದ ಸಪ್ಪಳ ಅಲ್ಲ.”

ಮುಂಗೈ ಕೂದಲ ಮೇಲೆ ಕತ್ತಿ ಆಡಿಸಿದ. ಕೂದಲು ಬಾಗಿ ಮತ್ತೆ ಎದ್ದು ನಿಂತವು. ಚರ್ಮದ ಮೇಲೆ ಮಾತ್ರ ಕೆಂಪು ಗೀರು. ಬೆಲ್ಟನ್ನು ಹೆಬ್ಬೆರಳಿನಿಂದ ತಿಕ್ಕಿ, ಆ ಬೆರಳನ್ನು ಹಲ್ಲಿಗೆ ಉಜ್ಜಿದ. ಕರಕರ ಎಂದಿತು. ಎಷ್ಟೋ ವರ್ಷದ ಸಾಣೆಪುಡಿ ಆ ಚರ್ಮದೊಳಗೆ ಇಳಿದು ಕೂತಿತ್ತು. ಗರಗಸಕ್ಕೆ ಹಲ್ಲಿರಬೇಕು, ಕ್ಷೌರದ ಕತ್ತಿಗೆ ಇರಬಾರದು. ನಾನು ಅದಕ್ಕೂ ಹಲ್ಲು ಮೂಡಿಸಿದ್ದೆ.

“ಬೈಯಿ ಕಾಕಾ! ಒಂದ ಏಟರ ಹಾಕು!” ಎಂದು ನಾನೇ ಕೂಗಾಡಿದೆ.

“ಬೈಯಾಕ ಹೊತ್ತಿಲ್ಲ. ಅಪ್ಪನ ಮಸಿಯೋ ಕಲ್ಲು ತೇರಗಾಂವದಾಗ ನಮ್ಮಣ್ಣನ ಕಡೆ ಐತಿ. ತರಬೇಕು.”

“ಪ್ಯಾಟಿಯಾಗ ಯಾರ ಕತ್ತಿನಾರ ಇಸ್ಕೊಂಡು ಬರ್ರಲಾ” ಎಂದಳು ದುರ್ಗವ್ವ.

“ಇನ್ನೊಬ್ಬರ ಕತ್ತಿ ಗೆದ್ರ ಖೋಲಿನೂ ಅವರಿಗೇ ಹೋಗ್ಲಿ ಅಂತೀಯೇನು?”

ಭಾನುವಾರ ಹಳಿಯಾಳದ ತನಕ ಬಸ್ಸು, ಅಲ್ಲಿಂದ ಮುಂದೆ ನಡಿಗೆ. ಬೇಡ ಎಂದರೂ ನಾನು ಬೆನ್ನು ಬಿಡಲಿಲ್ಲ. ಬರುವಾಗ ಅಂಗೈಯಷ್ಟಿದ್ದ ಆ ಕಲ್ಲನ್ನು ಅವನು ಧೋತರದ ತುದಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೇ ಬಂದ.

ಸೋಮವಾರ ಬೆಳಗಿನಿಂದ ಕೂತ. ಕಲ್ಲಿಗೆ ನೀರು, ಕತ್ತಿಯ ಒಂದು ಮಗ್ಗಲು, ಇನ್ನೊಂದು ಮಗ್ಗಲು. ಚರ್ಮದ ಮೇಲೆ ಬೆನ್ನು ಮುಂದಾಗಿ ಹೋಗುವ ಕತ್ತಿ ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗುತ್ತದೆ ಎಂಬುದನ್ನು ನಾನು ಅವತ್ತೇ ನೋಡಿದ್ದು. ಭಾರ ಹಾಕುವಂತಿಲ್ಲ, ಅವಸರ ಮಾಡುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಬಾತುಕೊಂಡಿತು. ದುರ್ಗವ್ವ ಬಿಸಿನೀರಿನ ಬಟ್ಟೆ ಸುತ್ತಿದಳು. ಬಟ್ಟೆ ಸಮೇತ ಮಸೆದ. ಸಂಜೆಗೆ ನಾನು ಗಲ್ಲ ಚಾಚಿ ಅವನ ಮುಂದೆ ಕೂತೆ.

“ನನ್ನ ಮ್ಯಾಲೆ ನೋಡು ಕಾಕಾ. ಕೊಯ್ದ್ರೂ ಅಡ್ಡಿಯಿಲ್ಲ.”

“ಇವತ್ತು ಸೋಮವಾರ.”

ಸೋಮವಾರ ಶಿವನ ವಾರ, ಅವನು ಯಾರ ಮುಖಕ್ಕೂ ಕತ್ತಿ ಹಚ್ಚುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. “ಇಷ್ಟ ಇಷ್ಟು ನೋಡಿದ್ರ ಶಿವ ಸಿಟ್ಟಾಗ್ತಾನೇನು?”

“ಶಿವ ಆಗಾಂಗಿಲ್ಲ. ನನ್ನ ಮ್ಯಾಲೆ ನಾನ ಆಗ್ತೇನಿ.”

ಹಾಗೆ, ಒಂದು ಗಡ್ಡವನ್ನೂ ಮುಟ್ಟದ ಕತ್ತಿ ಮಂಗಳವಾರ ನೇರವಾಗಿ ಬಸಲಿಂಗಯ್ಯನವರ ಮುಂದೆ ಹೋಯಿತು.

ಬಲಗಲ್ಲ ಹುಬ್ಬಳ್ಳಿಯವನದು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಮಾಡಿದ. ಎಡಗಲ್ಲದಲ್ಲಿ ಅವರೆಕಾಳಿನಷ್ಟು ದೊಡ್ಡ ನರಹುಲಿ. ಸೋಪು ಹಚ್ಚಿದ ಮೇಲೂ ಉಳವಪ್ಪ ತನ್ನ ಸವಕಲು ಪಟ್ಟಿ ಹಿಡಿದು ನಿಂತ. ಹತ್ತಾಯಿತು, ಇಪ್ಪತ್ತಾಯಿತು. ನಿಂತ ಮಂದಿ ನಗತೊಡಗಿದರು. ಮೂವತ್ತು. ಆಮೇಲೆ ಅಂಗೈ ಮೇಲೆ ಹತ್ತು. ಕತ್ತಿ ಗಲ್ಲಕ್ಕೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅಯ್ಯ ಶಿವನೇ, ರಕ್ತ ಬಂದರೆ ನನ್ನದೇ ಬರಲಿ ಎಂದು ಬೇಡಿಕೊಂಡೆ.

ಕಣ್ಣು ತೆರೆದಾಗ ಬಸಲಿಂಗಯ್ಯನವರು ಎರಡೂ ಗಲ್ಲ ಸವರಿಕೊಳ್ಳುತ್ತಿದ್ದರು. ನರಹುಲಿ ಇದ್ದ ಹಾಗೇ ಇತ್ತು, ಸುತ್ತ ಒಂದು ಕೂದಲೂ ಇರಲಿಲ್ಲ. ಕತ್ತಿ ಕೆಟ್ಟ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

“ಇದು ಶನಿವಾರ ಕೆಟ್ಟ ಕತ್ತಿ ಹೌದಲ್ಲೋ? ಕೆಡಿಸಿದಾಂವ ಯಾಂವ?”

“ನನ್ನ ಕತ್ತಿ ರೀ ಅಜ್ಜಾರ. ನಾ ನೋಡ್ಕೋಬೇಕಿತ್ತು” ಎಂದ ಉಳವಪ್ಪ.

ನನ್ನಿಂದ ತಡೆಯಲಾಗಲಿಲ್ಲ. “ಸುಳ್ಳರೀ! ಕೆಡಿಸಿದಾಂವ ನಾನು! ದೊಡ್ಡ ಶಾಣ್ಯಾ ಅಂತ ಸಾಣಿ ಬೆಲ್ಟಿಗೆ ಎಳದೆ!”

ಎಲ್ಲರೂ ನಕ್ಕರು. ಬಸಲಿಂಗಯ್ಯನವರು ನಗಲಿಲ್ಲ. “ಎರಡೂ ಗಲ್ಲ ನುಣ್ಣಗ ಅದಾವ. ಆದ್ರ ಸತ್ತ ಕತ್ತಿ ಎಬ್ಬಿಸ್ಕೊಂಡು ಬಂದಾಂವ ಉಳವಪ್ಪ. ಖೋಲಿ ಅವಗ.”

ಅವತ್ತೇ ಸಾಮಾನು ಖೋಲಿಗೆ ಹೋಯಿತು. ಹಳೆಯ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಉಳವಪ್ಪ ಮಣೆಯ ಮೇಲೆ ಕೂತ. ಶನಿವಾರದಿಂದ ತನ್ನ ಗಡ್ಡವನ್ನೇ ಅವನು ಮುಟ್ಟಿರಲಿಲ್ಲ. ಕತ್ತಿ ತೆಗೆದು ನನ್ನ ಕಡೆ ಚಾಚಿದ.

“ಎಳಿ ತಮ್ಮಾ. ಬೆನ್ನ ಮ್ಯಾಲೆ ಹೊಳ್ಳಿಸು.”

ಇನ್ನು ಜನ್ಮದಲ್ಲಿ ಆ ಕತ್ತಿ ನನ್ನ ಕೈಗೆ ಸಿಗದು ಎಂದುಕೊಂಡಿದ್ದೆ. ಬಾಯಿಬಿಟ್ಟು ಎಣಿಸುತ್ತ ಮೂವತ್ತು ಎಳೆದೆ, ಅಂಗೈ ಮೇಲೆ ಹತ್ತು. ಅಷ್ಟರಲ್ಲಿ ಅವನು ಸೋಪು ಹಚ್ಚಿಕೊಂಡಿದ್ದ.

“ಮೊದಲ ಮುಂಗೈ ಮ್ಯಾಲೆ ನೋಡು ಕಾಕಾ” ಎಂದೆ.

ಅವನು ನೋಡಲಿಲ್ಲ. ಕತ್ತಿ ಇಸಿದುಕೊಂಡವನೇ ತಲೆ ಮೇಲಕ್ಕೆತ್ತಿ, ನೇರವಾಗಿ ತನ್ನ ಗಂಟಲ ಮೇಲೆ ಇಟ್ಟುಕೊಂಡ.